ಗೃಹಸ್ಥರ ಭೂಗೋಳ: ಕೋಣಂದೂರಿನ ಸೀಮೆಯ ನೀರು

ಭೂಗೋಳವೆಂದೊಡನೆ ನಮ್ಮಲ್ಲಿ ಅನೇಕರಿಗೆ ಶಾಲೆಯ ಗೋಡೆಯ ಮೇಲೆ ತೂಗಿಬಿಟ್ಟ ನಕ್ಷೆಯೂ, ಬಾಯಿಪಾಠ ಮಾಡಿದ ನದಿಗಳ ಹೆಸರುಗಳೂ ನೆನಪಿಗೆ ಬರುವುವು. ಪರೀಕ್ಷೆ ಮುಗಿದ ಮೇಲೆ ಅದರ ಗೊಡವೆ ಯಾರಿಗೂ ಬೇಡ. ಆದರೆ ಮಲೆನಾಡಿನ ಒಕ್ಕಲು ಮನೆಯಲ್ಲಿ ಭೂಗೋಳವು ದಿನನಿತ್ಯದ ಮಾತು. ಬಾವಿಯ ಹಗ್ಗ ಈ ವರ್ಷ ಎಷ್ಟು ಮೊಳ ಹೆಚ್ಚು ಬೇಕಾಯಿತು, ಯಾವ ಗದ್ದೆಯಲ್ಲಿ ನೀರು ಕಾರ್ತಿಕದವರೆಗೂ ನಿಂತಿತು, ಯಾವ ಬೆಟ್ಟದಿಂದ ಸೊಪ್ಪು ತರಬಹುದು ಎಂಬಿವೆಲ್ಲ ಭೂಗೋಳದ ಪ್ರಶ್ನೆಗಳೇ. ಇವಕ್ಕೆ ತಪ್ಪು ಉತ್ತರ ಬರೆದವರು ಅಂಕವನ್ನಲ್ಲ, ಅನ್ನವನ್ನೇ ಕಳೆದುಕೊಳ್ಳುವರು.

ಕಳೆದ ವೈಶಾಖದಲ್ಲಿ ಒಂದು ಮದುವೆಯ ನಿಮಿತ್ತ ನಾನು ಕೋಣಂದೂರಿನ ಕಡೆಗೆ ಹೋಗಬೇಕಾಯಿತು. ಮದುವೆ ಮುಗಿದೊಡನೆ ಹೊರಡಲು ನಿಂತವನನ್ನು ನಮ್ಮ ಸೋದರತ್ತೆಯವರು, “ಬಂದವನು ಹಾಗೆಯೇ ಹೋಗುವುದುಂಟೆ? ನಾಲ್ಕು ದಿನ ಇದ್ದು ಹೋಗಪ್ಪ” ಎಂದು ನಿಲ್ಲಿಸಿಕೊಂಡರು. ಆ ನಾಲ್ಕು ದಿನಗಳಲ್ಲಿ ಅವರ ಮನೆಯ ಜಗಲಿಯ ಮೇಲೆ ನಡೆದ ಒಂದು ವಿಚಾರವನ್ನು ಈ ತಿಂಗಳು ವಾಚಕರ ಮುಂದಿಡುತ್ತೇನೆ. ಅದಕ್ಕೆ ಮೊದಲು ಆ ಸೀಮೆಯ ಪರಿಚಯವನ್ನು ಸ್ವಲ್ಪ ಮಾಡಿಕೊಡಬೇಕಾಗಿರುವುದು.

ಕೋಣಂದೂರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದ ಊರು. ತೀರ್ಥಹಳ್ಳಿಯಿಂದ ಉತ್ತರಕ್ಕೆ ರಿಪ್ಪನ್‌ಪೇಟೆಯ ಹಾದಿಯಲ್ಲಿ ಸಿಕ್ಕುವುದು. ಹೊಸನಗರ ತಾಲ್ಲೂಕಿನ ಎಲ್ಲೆ ಇಲ್ಲಿಗೆ ಹತ್ತಿರ. ಸಾಂತರಸರ ರಾಜಧಾನಿಯಾಗಿದ್ದು ಈಗಲೂ ಜೈನರ ಯಾತ್ರಾಸ್ಥಳವಾಗಿರುವ ಹುಂಚವೂ ಬಹಳ ದೂರವಲ್ಲ. ಹೆಂಚು ಹೊದಿಸಿದ ಎರಡು ಮಾಡಿನ ಮನೆಯನ್ನು ನೆನೆಯಿರಿ. ನೆತ್ತಿಯ ಒಂದೇ ಹೆಂಚಿನ ಮೇಲೆ ಬಿದ್ದ ಎರಡು ಹನಿಗಳಲ್ಲಿ ಒಂದು ಮುಂದಿನ ಅಂಗಳಕ್ಕೂ, ಇನ್ನೊಂದು ಹಿಂದಿನ ಹಿತ್ತಿಲಿಗೂ ಇಳಿಯುವುದಷ್ಟೆ. ಕೋಣಂದೂರಿನ ಸುತ್ತಣ ನಾಡು ಇಂತಹದೇ ಒಂದು ದೊಡ್ಡ ಮಾಡಿನ ನೆತ್ತಿಯ ಬಳಿಯಲ್ಲಿರುವುದು.

ದಕ್ಷಿಣಕ್ಕೆ ಇಳಿಯುವ ಹಳ್ಳಗಳ ನೀರು ತೀರ್ಥಹಳ್ಳಿಯ ಕಡೆಗೆ ಹೋಗಿ ತುಂಗೆಯನ್ನು ಸೇರುವುದು. ತುಂಗೆಯು ಶಿವಮೊಗ್ಗವನ್ನು ದಾಟಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ತುಂಗಭದ್ರೆಯಾಗಿ ಹೊಸಪೇಟೆಯ ಬಳಿ ೧೯೫೩ರಲ್ಲಿ ಮುಗಿದ ಅಣೆಕಟ್ಟಿನ ಹಿಂದೆ ನಿಂತು, ಕೊನೆಗೆ ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುವುದು. ಹುಂಚದ ಬಳಿಯ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿಯು ಉತ್ತರಕ್ಕೆ ತಿರುಗಿ, ಶಿಕಾರಿಪುರದ ಮೇಲೆ ಹರಿದು, ಮದಗ-ಮಾಸೂರಿನ ಕೆರೆಗೆ ನೀರೂಡಿಸಿ, ಬಹಳ ದೂರ ಹೋದ ಮೇಲೆ ಅದೇ ತುಂಗಭದ್ರೆಯನ್ನು ಸೇರುವುದು. ಆದರೆ ಇದೇ ತೀರ್ಥಹಳ್ಳಿ ತಾಲ್ಲೂಕಿನ ಪಶ್ಚಿಮದ ಕಡೆ ಅಂಬುತೀರ್ಥವೆಂಬ ಸಣ್ಣ ಕೊಳವೊಂದಿದೆ. ಸೀತಾದೇವಿಗೆ ಬಾಯಾರಿಕೆಯಾದಾಗ ಶ್ರೀರಾಮನು ಅಂಬಿನಿಂದ ನೆಲವನ್ನು ಭೇದಿಸಿದ ಸ್ಥಳವಿದೆಂದು ಜನರು ಹೇಳುವರು. ಅಲ್ಲಿ ಹುಟ್ಟಿದ ಶರಾವತಿಯು ವಾಯವ್ಯಕ್ಕೆ ಹರಿದು, ಹೊಸನಗರ ಸಾಗರಗಳ ಸೀಮೆಯನ್ನು ಹಾದು, ಜೋಗದಲ್ಲಿ ೮೩೦ ಅಡಿಗಳಷ್ಟು ಧುಮುಕಿ, ಒಟ್ಟು ೧೨೮ ಕಿಲೋಮೀಟರು ನಡೆದು ಹೊನ್ನಾವರದಲ್ಲಿ ಪಶ್ಚಿಮ ಸಮುದ್ರವನ್ನು ಸೇರುವುದು. ಹೀಗಾಗಿ ಈ ನಾಡಿನಲ್ಲಿ ಒಂದು ದಿಣ್ಣೆಯ ಆಚೆ ಬಿದ್ದ ಮಳೆ ಒಂದು ಸಮುದ್ರಕ್ಕೂ, ಈಚೆ ಬಿದ್ದ ಮಳೆ ಇನ್ನೊಂದು ಸಮುದ್ರಕ್ಕೂ ಸಲ್ಲುವುದು. ಇಂತಹ ದಿಣ್ಣೆಯನ್ನು ಪಂಡಿತರು ಜಲವಿಭಾಜಕವೆಂದೂ, ಒಂದು ಹೊಳೆಗೆ ನೀರು ಕೂಡುವ ನೆಲವನ್ನೆಲ್ಲ ಜಲಾನಯನ ಪ್ರದೇಶವೆಂದೂ ಕರೆಯುವರು.

ನೆತ್ತಿಯ ಮೇಲಿರುವವರಿಗೆ ಒಂದು ಕಷ್ಟವುಂಟು. ಮೇಲಿನಿಂದ ಹರಿದು ಬರುವ ನೀರು ಅವರಿಗಿಲ್ಲ. ಆಕಾಶದಿಂದ ಬಿದ್ದುದೇ ಅವರ ಆಸ್ತಿ; ಅದನ್ನು ನಿಲ್ಲಿಸಿಕೊಂಡರೆ ಉಂಟು, ಬಿಟ್ಟರೆ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೩೦೦ ಅಂಗುಲದಷ್ಟು ಮಳೆ ಬೀಳುವುದೆಂದು ಎಲ್ಲರೂ ಕೇಳಿರುವಿರಿ. ಅಲ್ಲಿಂದ ೯೦ ಕಿಲೋಮೀಟರು ಪೂರ್ವಕ್ಕೆ ಬಂದು ಶಿವಮೊಗ್ಗದಲ್ಲಿ ನಿಂತರೆ ೪೦ ಅಂಗುಲವೂ ಕಷ್ಟ. ಕೋಣಂದೂರು ಇವೆರಡರ ನಡುವಿನ ಮೇರೆಯಲ್ಲಿದೆ. ಆ ಮಳೆಯಲ್ಲಿಯೂ ಹೆಚ್ಚಿನ ಭಾಗ ಆಷಾಢ ಶ್ರಾವಣಗಳಲ್ಲಿಯೇ ಸುರಿದು ಹೋಗುವುದು. ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನೆಟ್ಟಿ ಮಾಡಿದ ಹೆಂಗಸೇ ಚೈತ್ರ ಬಂದಾಗ ಕೊಡವನ್ನು ಹಿಡಿದು ಇನ್ನೊಬ್ಬರ ಬಾವಿಗೆ ಹೋಗುವುದನ್ನು ಈ ನಾಡಿನಲ್ಲಿ ಕಾಣಬಹುದು. ಮಳೆ ಹೆಚ್ಚೆಂದ ಮಾತ್ರಕ್ಕೆ ನೀರು ಉಳಿಯಿತೆಂದು ಹೇಳುವಂತಿಲ್ಲ.

ನಮ್ಮ ಹಿರಿಯರು ಈ ಕಷ್ಟವನ್ನು ಬಲ್ಲವರಾಗಿ ಊರನ್ನು ಕಟ್ಟಿದ ಕ್ರಮವು ಗಮನಿಸತಕ್ಕದ್ದು. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತಾಗಿ ಒಂದೆಡೆ ಇರುವುದಿಲ್ಲ. ಒಂದೊಂದು ಕಣಿವೆಗೆ ಒಂದೋ ಎರಡೋ ಮನೆ. ಕಣಿವೆಯ ತಲೆಯಲ್ಲಿ ಕಾನು, ಎಂದರೆ ಬಿಸಿಲು ನೆಲಕ್ಕೆ ಬೀಳದ ದಟ್ಟ ಕಾಡು. ಅದರ ಕೆಳಗೆ ಸೊಪ್ಪಿನಬೆಟ್ಟ. ತೋಟಕ್ಕೂ ಕೊಟ್ಟಿಗೆಗೂ ಬೇಕಾದ ಸೊಪ್ಪು ದರಗುಗಳು ಅಲ್ಲಿಂದ ಬರುವುವು. ಅಲ್ಲಲ್ಲಿ ದನಗಳಿಗೆ ಹುಲ್ಲಿನ ಬ್ಯಾಣ. ಬೆಟ್ಟದ ಬುಡದಲ್ಲಿ ಒಂದು ಸಣ್ಣ ಕೆರೆ. ಕೆರೆಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಮೊದಲು ಮಕ್ಕಿ ಗದ್ದೆ, ಆ ಮೇಲೆ ಬೈಲು ಗದ್ದೆ. ಕಣಿವೆಯ ಮಡಿಕೆಯಲ್ಲಿ, ಗಾಳಿ ಬಿಸಿಲುಗಳು ಹೆಚ್ಚಾಗಿ ತಾಗದ ಕಡೆ, ಅಡಿಕೆಯ ತೋಟ. ಮನೆಯು ಗದ್ದೆಯಲ್ಲಿಯೂ ಇಲ್ಲ, ಗುಡ್ಡದ ನೆತ್ತಿಯಲ್ಲಿಯೂ ಇಲ್ಲ. ಇವೆರಡರ ಸಂಧಿಯಲ್ಲಿ, ಬಾವಿಗೆ ನೀರು ಸಿಕ್ಕುವ ಮತ್ತು ಜಗಲಿಗೆ ನೀರು ನುಗ್ಗದ ಎತ್ತರದಲ್ಲಿರುವುದು.

ಈ ಸಾಲಿನಲ್ಲಿ ಯಾವುದೂ ಬಿಡಿಯಾಗಿ ಬಾಳಲಾರದು. ಗುಡ್ಡದ ಮೇಲಿನ ಜಂಬಿಟ್ಟಿಗೆಯ ನೆಲವು ಮಳೆಯನ್ನು ಬೇಗ ಹೀರಿಕೊಳ್ಳುವುದು, ಬೇಗ ಬಿಟ್ಟೂ ಬಿಡುವುದು. ಮರದ ಬೇರೂ ದರಗಿನ ಹೊದಿಕೆಯೂ ಇದ್ದರೆ ಮಾತ್ರ ಅದು ತಡೆದು ತಡೆದು ಒಸರುವುದು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಹೋಗಿ ಗೊಬ್ಬರವಾಗಿ ತೋಟಕ್ಕೆ ಇಳಿಯುವುದು. ಗದ್ದೆಯ ಹುಲ್ಲು ದನಕ್ಕೆ; ತೋಟದ ಹಾಳೆ ಮಳೆಗಾಲಕ್ಕೆ. ಶ್ರಾವಣದ ಜಡಿಮಳೆಯಲ್ಲಿ ಅಡಿಕೆಯ ಎಳೆಗಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಹಿಂದಿನವರು ಈ ಹಾಳೆಗಳಿಂದಲೇ ಕೊಟ್ಟೆ ಮಾಡಿ, ಮರವನ್ನೇರಿ, ಗೊನೆಗಳಿಗೆ ಕಟ್ಟುತ್ತಿದ್ದರು. ಕೆನಡಾ ದೇಶದವರಾದ ಲೆಸ್ಲಿ ಕೋಲ್ಮನ್ ಅವರು ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಈ ರೋಗದ ಮೂಲವು ಕಣ್ಣಿಗೆ ಕಾಣದ ಒಂದು ಬೂಷ್ಟೆಂದು ವಿವರಿಸಿ, ೧೯೧೦ರಲ್ಲಿ ಅದರ ವಿಷಯವಾಗಿ ಗ್ರಂಥವನ್ನೇ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿಯ ತೋಟಗಳಲ್ಲಿ ಬಳಕೆಗೆ ಬಂದ ಬೋರ್ಡೋ ದ್ರಾವಣ, ಅಂದರೆ ೧೦೦ ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣ, ಮಲೆನಾಡಿನ ಅಡಿಕೆಗೆ ಸಿಂಪಡಿಸುವ ಔಷಧವಾದುದು ಹೀಗೆ.

ಇನ್ನು ನಮ್ಮ ಅತ್ತೆಯವರ ಮನೆಯ ಪ್ರಸಂಗ. ಕಣಿವೆಯ ತಲೆಯಲ್ಲಿ ಹಳೆಯದೊಂದು ಕೆರೆ. ಅದರ ಕೆಳಗೆ ಅವರ ಮಕ್ಕಿ ಗದ್ದೆ, ಅದರ ಕೆಳಗೆ ಒಂದೂವರೆ ಎಕರೆಯ ಬೈಲು. ಬೈಲು ಮುಗಿದಲ್ಲಿ ಕೆಳಮನೆಯವರ ಗದ್ದೆಯೂ ಬಾವಿಯೂ ಇವೆ. ಅತ್ತೆಯವರ ಮಗ, ಎಂದರೆ ನಮ್ಮ ಭಾವ, ಈಗ ಮನೆಯ ಯಜಮಾನರು. ಅವರ ಮಗನು ಪಟ್ಟಣದಲ್ಲಿ ಓದಿ, ಕೆಲವು ಕಾಲ ನೌಕರಿ ಮಾಡಿ, ಅದನ್ನು ಬಿಟ್ಟು ಊರಿಗೆ ಮರಳಿರುವನು. ಬುದ್ಧಿವಂತ, ಕೆಲಸಕ್ಕೆ ಹಿಂದೆಗೆಯುವವನಲ್ಲ. ಬೈಲನ್ನು ತೋಟ ಮಾಡಬೇಕು, ನಡುವೆ ಆಳವಾದ ಕಪ್ಪು ತೆಗೆದು ನೀರನ್ನು ನೇರವಾಗಿ ಹಳ್ಳಕ್ಕೆ ಬಿಡಬೇಕು, ಬೇಸಿಗೆಗೆ ಒಂದು ಕೊಳವೆ ಬಾವಿ ತೆಗೆಸಬೇಕು ಎಂಬುದು ಅವನ ಯೋಚನೆ.

“ಮಾವ, ನೀವೇ ಲೆಕ್ಕ ಹಾಕಿ ಹೇಳಿ” ಎಂದು ಅವನು ನನ್ನ ಮುಂದೆ ಪುಸ್ತಕವನ್ನಿಟ್ಟನು. “ನೆಟ್ಟಿಗೆ ಆಳು ಸಿಕ್ಕುವುದಿಲ್ಲ. ಸಿಕ್ಕಿದರೂ ಬೆಳೆದ ಭತ್ತಕ್ಕಿಂತ ಕೊಟ್ಟ ಕೂಲಿಯೇ ಹೆಚ್ಚು. ಹಳೆಯ ತೋಟಕ್ಕೆ ಕೊಳೆ ಸಾಲದೆಂದು ಈಗ ಎಲೆಚುಕ್ಕೆ ರೋಗವೂ ಬಂದಿದೆ. ತಂಗಿಯ ಓದಿಗೆ, ಅಜ್ಜಿಯ ಔಷಧಿಗೆ ದುಡ್ಡು ಎಲ್ಲಿಂದ ತರಲಿ?”

ಲೆಕ್ಕವನ್ನು ನೋಡಿದೆನು. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹುಡುಗನದು ದುರಾಸೆಯೆಂದು ಹೇಳುವುದು ನ್ಯಾಯವಲ್ಲ.

ಮಾರನೆಯ ದಿನ ಬೆಳಗ್ಗೆ ಕೆಳಮನೆಯ ಯಜಮಾನರು ಬಂದರು. ಎಪ್ಪತ್ತು ದಾಟಿದ ವೃದ್ಧರು. ಭಾವನು ಎದ್ದು, “ಬನ್ನಿ, ಮೇಲೆ ಬನ್ನಿ” ಎಂದು ಜಗಲಿಯ ಮೇಲೆ ಚಾಪೆ ಹಾಸಿದನು. ಇದರಲ್ಲಿ ವಿಶೇಷವೇನೆಂದು ವಾಚಕರು ಕೇಳಬಹುದು. ಈ ವೃದ್ಧರ ತಂದೆಯು ಇದೇ ಮನೆಯ ಗೇಣಿ ಒಕ್ಕಲು. ಅವರು ಈ ಅಂಗಳದಲ್ಲಿ ನಿಂತು ಮಾತನಾಡಿದವರೇ ಹೊರತು ಜಗಲಿಯನ್ನು ಹತ್ತಿದವರಲ್ಲ. ಆ ಕಾಲದಲ್ಲಿ ಈ ಮೂರು ತಾಲ್ಲೂಕುಗಳಲ್ಲಿಯೂ ನೆಲ ಒಬ್ಬರದು, ದುಡಿಮೆ ಇನ್ನೊಬ್ಬರದು. ಗೇಣಿಯ ಭತ್ತವನ್ನು ಅಳೆಯುವ ಕೊಳಗವು ಸರ್ಕಾರದ ಅಳತೆಗಿಂತ ದೊಡ್ಡದೆಂಬ ದೂರು ಎದ್ದು, ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ರೈತರು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪನವರೂ ಶಾಂತವೇರಿ ಗೋಪಾಲಗೌಡರೂ ಅದರಲ್ಲಿ ಮುಂದಾಳುಗಳು; ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಸೆರೆಯಾದರು. ೧೯೭೪ರಲ್ಲಿ ದೇವರಾಜ ಅರಸರ ಸರ್ಕಾರವು ಭೂಸುಧಾರಣೆಯ ಕಾನೂನನ್ನು ಬಿಗಿಗೊಳಿಸಿ ಉಳುವವನನ್ನೇ ಒಡೆಯನನ್ನಾಗಿ ಮಾಡಿತು. ಕೆಳಗಿನ ಗದ್ದೆ ಕೆಳಮನೆಯವರದಾದುದು ಹಾಗೆ. ಕಾನೂನು ನೆಲವನ್ನು ಪಾಲು ಮಾಡಿಕೊಟ್ಟಿತು. ಆದರೆ ನೆಲದೊಳಗಿನ ನೀರಿಗೆ ಬೇಲಿ ಹಾಕುವ ಕಾನೂನು ಯಾರ ಕೈಯಲ್ಲಿಯೂ ಇಲ್ಲವಲ್ಲ.

ವೃದ್ಧರು ಎಲೆಯಡಿಕೆ ಹಾಕಿಕೊಂಡು, ಬಹಳ ಹೊತ್ತು ಮದುವೆಯ ಸುದ್ದಿಯನ್ನೇ ಆಡಿ, ಕೊನೆಗೆ ಹೇಳಿದರು: “ನಿಮ್ಮ ಗದ್ದೆ, ನೀವು ಏನು ಬೇಕಾದರೂ ಮಾಡಬಹುದು. ಬೇಡವೆನ್ನಲು ನಾನು ಯಾರು? ಆದರೆ ಒಂದು ಮಾತು. ಚೈತ್ರದಲ್ಲಿ ನಮ್ಮ ಬಾವಿಗೆ ಬರುವ ನೀರು ಶ್ರಾವಣದಲ್ಲಿ ನಿಮ್ಮ ಬೈಲಿನಲ್ಲಿ ನಿಂತ ನೀರು. ಬೈಲಿನ ನೀರನ್ನು ಕಪ್ಪಿನಲ್ಲಿ ಹಳ್ಳಕ್ಕೆ ಬಿಟ್ಟರೆ ನಮ್ಮ ಹೆಂಗಸರು ಕೊಡ ಹಿಡಿದು ನಿಮ್ಮ ಅಂಗಳಕ್ಕೇ ಬರಬೇಕಾದೀತು.”

ಹುಡುಗನು, “ಹಾಗೆಂದು ಹೇಗೆ ಹೇಳುತ್ತೀರಿ? ನೀರು ನೆಲದೊಳಗೆ ಹೋಗುವ ದಾರಿಯನ್ನು ಕಂಡವರು ಯಾರು?” ಎಂದನು. ಮಾತಿನಲ್ಲಿ ಒರಟಿರಲಿಲ್ಲ, ತಿಳಿಯಬೇಕೆಂಬ ಹಟವಿತ್ತು. ಆಗ ಒಳಗಿನಿಂದ ಅತ್ತೆಯವರು ಬಾಗಿಲಿಗೆ ಬಂದು ನಿಂತರು.

“ನಾನು ಕಂಡಿದ್ದೇನೆ ಮಗಾ. ನಾನು ಈ ಮನೆಗೆ ಬಂದ ಹೊಸದರಲ್ಲಿ ಒಂದು ವರ್ಷ ಬೈಲನ್ನು ಹಡಿಲು ಬಿಟ್ಟಿದ್ದರು. ಅಂಚು ಒಡೆದು ನೀರು ಎಲ್ಲಾ ಹೋಯಿತು. ಆ ಬೇಸಿಗೆ ಅವರ ಬಾವಿ ಯುಗಾದಿಗೇ ಬತ್ತಿತು. ನಮ್ಮದು ಮೇಲಿದೆ, ನಮಗೇನೂ ಆಗಲಿಲ್ಲ. ಇವರ ತಾಯಿ ಬಂದು ನೀರು ಕೇಳಿದಾಗ, ಹಗ್ಗ ಮುಟ್ಟಬಾರದೆಂದು ನಾವೇ ಸೇದಿ ದೂರದಿಂದ ಹೊಯ್ದೆವು. ಅದು ಈಗಲೂ ನನ್ನ ಮನಸ್ಸಿನಲ್ಲಿದೆ.”

ಜಗಲಿಯ ಮೇಲೆ ಯಾರೂ ಮಾತನಾಡಲಿಲ್ಲ. ವೃದ್ಧರು ತಲೆ ತಗ್ಗಿಸಿ ಎಲೆಯ ತೊಟ್ಟನ್ನು ಮುರಿಯುತ್ತ ಕುಳಿತಿದ್ದರು.

ಈ ಎರಡು ಪಕ್ಷಗಳಲ್ಲಿ ಯಾವುದು ಸರಿಯೆಂಬುದನ್ನು ವಾಚಕರು ತಾವೇ ತೂಗಿ ನೋಡಬಹುದು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ತುಸು ಹೆಚ್ಚಾದ ನೀರಾಗುವುದು. ಮಳೆಗಾಲದಲ್ಲಿ ೫೦ ಅಂಗುಲ ಬಿದ್ದಿತೆಂದಿಟ್ಟುಕೊಂಡರೂ ಒಂದೂವರೆ ಎಕರೆಯ ಬೈಲಿನ ಮೇಲೆ ಎಪ್ಪತ್ತೈದು ಲಕ್ಷ ಲೀಟರು. ಗದ್ದೆಗೆ ಅಂಚು ಕಟ್ಟಿ ನೀರು ನಿಲ್ಲಿಸುವುದು ಭತ್ತದ ಸಲುವಾಗಿ. ಆದರೆ ನಾಲ್ಕು ತಿಂಗಳು ನಿಂತ ಆ ನೀರಿನಲ್ಲಿ ಒಂದು ಪಾಲು ಸದ್ದಿಲ್ಲದೆ ಕೆಳಗಿಳಿದು ಬಾವಿಯ ಸೆಲೆಯಾಗುವುದು. ಅಡಿಕೆಯ ಸ್ವಭಾವವೋ ಬೇರೆ. ಅದರ ಬೇರಿಗೆ ನಿಂತ ನೀರು ಆಗದು. ಆದ ಕಾರಣ ಮಳೆಗಾಲದಲ್ಲಿ ಬಸಿದು ಹೊರಗೆ ಹಾಕಬೇಕು, ಬೇಸಿಗೆಯಲ್ಲಿ ಎಲ್ಲಿಂದಲಾದರೂ ತಂದು ಉಣಿಸಬೇಕು. ಭತ್ತದ ಬೈಲು ಕಣಿವೆಗೆ ನೀರನ್ನು ಕೊಡುವುದು. ಅದೇ ಬೈಲು ತೋಟವಾದರೆ ಕಣಿವೆಯಿಂದ ನೀರನ್ನು ಕೇಳುವುದು. ಒಂದು ಮನೆಯವರು ಹೀಗೆ ಮಾಡಿದರೆ ಕಣಿವೆ ತಾಳಿಕೊಂಡೀತು. ತಲೆಯಿಂದ ಬುಡದವರೆಗೆ ಎಲ್ಲರೂ ಮಾಡಿದರೆ ಕೊಳವೆ ಬಾವಿಗಳು ಒಂದರ ನೀರನ್ನು ಒಂದು ಕದಿಯುವ ಸ್ಥಿತಿಯು ಬರುವುದು.

ಮೇಲಿನವರಿಗೂ ಕೆಳಗಿನವರಿಗೂ ಇರುವ ಈ ವ್ಯವಹಾರವು ಒಂದು ಕಣಿವೆಗೆ ಮಾತ್ರ ಸೇರಿದುದಲ್ಲ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಶರಾವತಿಯ ಕಣಿವೆಯಲ್ಲಿ ಸುಮಾರು ೩೦೦ ಚದರ ಕಿಲೋಮೀಟರು ನೆಲ ಮುಳುಗಿತು. ಸಾವಿರಾರು ಮನೆಗಳವರು ತಮ್ಮ ಬೈಲು ತೋಟಗಳನ್ನು ಬಿಟ್ಟು ಹೊರಟರು. ಅವರ ಕಣಿವೆಯ ನೀರಿನಿಂದ ನಾಡಿಗೆಲ್ಲ ದೀಪ ಹತ್ತಿತು. ೨೦೧೯ರಲ್ಲಿ ಅದೇ ಜಲಾಶಯದ ನೀರನ್ನು ಬೆಂಗಳೂರಿಗೆ ಒಯ್ಯಬೇಕೆಂಬ ಯೋಚನೆ ಹೊರಟಾಗ ಶಿವಮೊಗ್ಗ ಜಿಲ್ಲೆಯ ಜನರು ಬೀದಿಗಿಳಿದು ವಿರೋಧಿಸಿದರು. ಆ ದಿನ ನಮ್ಮ ಭಾವನ ಮಗನೂ ಮೆರವಣಿಗೆಯಲ್ಲಿ ಇದ್ದನಂತೆ. “ಮೇಲಿನವರನ್ನು ಕೇಳದೆ ನೀರು ಒಯ್ಯಬಾರದು ಎಂದು ಕೂಗಿದವನು ನೀನು. ಈಗ ಕೆಳಗಿನವರನ್ನು ಕೇಳದೆ ನೀರು ಬಿಡಬಹುದೆ?” ಎಂದು ಭಾವನು ಅಂದು ರಾತ್ರಿ ಊಟದ ಹೊತ್ತಿನಲ್ಲಿ ಕೇಳಿದನು. ಹುಡುಗನು ಉತ್ತರ ಕೊಡಲಿಲ್ಲ. ಆದರೆ ಮಜ್ಜಿಗೆಯ ಅನ್ನಕ್ಕೆ ಕಾಯದೆ ಎದ್ದು ಹೋದನು.

ನಾನು ಹೊರಡುವ ಹಿಂದಿನ ದಿನ ನಾಲ್ವರೂ ಕೆರೆಯ ಏರಿಯ ಮೇಲೆ ಹೋಗಿ ನಿಂತೆವು. ಕೆರೆಯೆಂಬುದು ಹೆಸರಿಗೆ ಮಾತ್ರ. ಮುಕ್ಕಾಲು ಪಾಲು ಹೂಳು, ಮಿಕ್ಕುದು ಜೊಂಡು. ಬೆಟ್ಟದ ನೀರನ್ನು ಕೆರೆಗೆ ತರುವ ಕಾಲುವೆ ಮುಚ್ಚಿಹೋಗಿ, ನೀರು ಬೇರೆ ಕೊರಕಲನ್ನು ಮಾಡಿಕೊಂಡಿತ್ತು. ಅದನ್ನು ಮೊದಲು ತೋರಿಸಿದವನು ಹುಡುಗನೇ. “ಈ ಹೂಳನ್ನು ತೆಗೆದರೆ ಕೊಳವೆ ಬಾವಿಗೆ ಇಡುವ ದುಡ್ಡಿನಲ್ಲಿ ಅರ್ಧವೂ ಬೇಡ” ಎಂದನು. ಕೆಳಮನೆಯವರು, “ನಮ್ಮ ಮನೆಯಿಂದ ಇಬ್ಬರು ಬರುತ್ತಾರೆ. ಹೂಳಿನ ಮಣ್ಣು ನಿಮ್ಮ ತೋಟಕ್ಕೇ ಹಾಕಿಕೊಳ್ಳಿ” ಎಂದರು. ಕೊನೆಗೆ ಆದ ತೀರ್ಮಾನವಿಷ್ಟು: ಬೈಲು ಭತ್ತಕ್ಕೇ ಇರತಕ್ಕದ್ದು; ನೀರು ಹೆಚ್ಚು ದಿನ ನಿಲ್ಲದ ಮಕ್ಕಿ ಗದ್ದೆಯಲ್ಲಿ ಅರ್ಧವನ್ನು ತೋಟ ಮಾಡತಕ್ಕದ್ದು; ಬೇಸಿಗೆಯಲ್ಲಿ ಕೆರೆಯ ನೀರನ್ನು ಹಿಂದಿನಂತೆ ಸರದಿಯ ಮೇಲೆ ಬಿಡತಕ್ಕದ್ದು; ಕೊಳವೆ ಬಾವಿಯ ಮಾತು ಎರಡು ವರ್ಷ ಬೇಡ. ಬೈಲಿನ ನೆಟ್ಟಿಗೆ ಎರಡು ಮನೆಯವರೂ ಮುಯ್ಯಾಳಾಗಿ ದುಡಿಯುವುದೆಂಬುದು ಅತ್ತೆಯವರ ಸೂಚನೆ. ಇದರಿಂದ ಹುಡುಗನ ಲೆಕ್ಕದ ಪುಸ್ತಕದಲ್ಲಿ ಕಂಡ ಕೊರತೆಯೆಲ್ಲ ತುಂಬಲಿಲ್ಲ. ಅರ್ಧ ತುಂಬಿರಬಹುದು. ಅವನ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲವಾದರೂ, ಮಾರನೆಯ ದಿನ ನಾನು ಬಸ್ಸಿಗೆ ಹೊರಟಾಗ ಅವನು ಹಾರೆ ಹಿಡಿದು ಕೆರೆಯ ಕಡೆಗೆ ಹೋಗುತ್ತಿದ್ದನು.

ಆಶ್ವಯುಜದ ಕೊನೆಯಲ್ಲಿ ಭಾವನ ಕಾಗದ ಬಂದಿತು. ಭೂಮಿ ಹುಣ್ಣಿಮೆಯ ದಿನ, ತೆನೆ ಹೊತ್ತ ಗದ್ದೆಗೆ ಬಯಕೆಯ ಊಟ ಬಡಿಸುವ ಶಾಸ್ತ್ರವನ್ನು ಈ ವರ್ಷ ಎರಡು ಮನೆಯವರೂ ಬೈಲಿನ ಅಂಚಿನಲ್ಲಿ ಒಟ್ಟಿಗೆ ಮಾಡಿದರಂತೆ. ಕೆಳಮನೆಯ ಸೊಸೆ ಬರೆದ ಭೂಮಣ್ಣಿ ಬುಟ್ಟಿಯನ್ನು ಅತ್ತೆಯವರು ಕೈಯಲ್ಲಿ ಹಿಡಿದು ನೋಡಿ ಮೆಚ್ಚಿದರಂತೆ. ಕೆರೆಯಲ್ಲಿ ನೀರು ಆಳುದ್ದ ಇದೆ. ಬಾವಿಯ ವಿಷಯವು ಬರುವ ವೈಶಾಖದವರೆಗೆ ಕಾದು ನೋಡತಕ್ಕುದು. ಹುಡುಗನು ಎರಡೂ ಬಾವಿಗಳ ಕಟ್ಟೆಯ ಒಳಗೆ ಬಣ್ಣದಿಂದ ಅಡಿಗಳ ಗುರುತು ಹಾಕಿ, ಪ್ರತಿ ಸೋಮವಾರ ನೀರಿನ ಮಟ್ಟವನ್ನು ಬರೆದಿಡುತ್ತಿರುವನೆಂದು ಭಾವನು ತಿಳಿಸಿರುವನು.

ಆ ಹುಡುಗನ ಕೆಲಸವನ್ನು ನಮ್ಮ ವಾಚಕರು ತಮ್ಮ ಮನೆಯಲ್ಲಿಯೂ ಮಾಡಬಹುದು. ಮಳೆ ಬರುವ ದಿನ ಮಕ್ಕಳ ಕೈಗೆ ಕೊಡೆ ಕೊಟ್ಟು, ಮಾಡಿನಿಂದ ಇಳಿದ ನೀರು ಎಲ್ಲಿಗೆ ಹೋಗುವುದೆಂದು ಹಿಂಬಾಲಿಸಿ ನೋಡಿ ಬರಲು ಹೇಳಿರಿ. ಅಂಗಳದಿಂದ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಯಾವ ಹೊಳೆಗೆ, ನಡುವೆ ಯಾರ ಗದ್ದೆ, ಯಾರ ಬಾವಿ ಎಂಬುದನ್ನು ಅವರು ಬರೆದುಕೊಂಡು ಬರಲಿ. ಬಾವಿಯಿದ್ದವರು ಹಗ್ಗಕ್ಕೆ ಗಂಟು ಹಾಕಿ ತಿಂಗಳಿಗೊಮ್ಮೆ ಅಳೆಯಲಿ. ವರ್ಷ ತುಂಬಿದ ಮೇಲೆ ಆ ಪುಸ್ತಕವನ್ನು ಒಮ್ಮೆ ನೆರೆಮನೆಯವರೊಡನೆ ಕುಳಿತು ಓದಿದರೆ, ಹೊಸದಾಗಿ ಏನನ್ನಾದರೂ ಅಗೆಯುವ ಮುಂಚೆ ಯಾರನ್ನು ಕೇಳಬೇಕೆಂಬುದು ತಾನಾಗಿ ತಿಳಿಯುವುದು.